ಮೌಸ್ ಹಿಡಿದ ಕೈ ಯಾರದು?

ತರಗತಿಗೆ ಟಿ.ವಿ. ಬಂತು, ಕಂಪ್ಯೂಟರ್ ಬಂತು, ಟ್ಯಾಬ್ ಬಂತು, ಈಗ ಎ.ಐ. ಸರದಿ. ಬಂದಾಗಲೆಲ್ಲ ‘ಮಕ್ಕಳ ಕಲಿಕೆ ಹೆಚ್ಚಿತೇ?’ ಎಂದು ಅಳೆದವರಿದ್ದಾರೆ. ‘ಯಾವ ಮಕ್ಕಳದ್ದು?’ ಎಂದು ಕೇಳಿದವರು ಕಡಿಮೆ.

ಹಳ್ಳಿಯ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿಯನ್ನು ಒಳಹೊಕ್ಕು ನೋಡಿದವರಿಗೆ ಈ ನೋಟ ಹೊಸದಲ್ಲ. ಇರುವ ಯಂತ್ರಗಳಲ್ಲಿ ಕೆಲವು ಕೆಟ್ಟು ಕೂತಿವೆ. ನಡೆಯುತ್ತಿರುವ ಒಂದರ ಮುಂದೆ ಐದಾರು ಮಕ್ಕಳು. ಒಬ್ಬನ ಕೈಯಲ್ಲಿ ಮೌಸ್. ಪಕ್ಕದವನು ‘ಅಲ್ಲೊತ್ತೋ, ಅಲ್ಲಿ’ ಎಂದು ಬೆರಳು ಚಾಚುತ್ತಿದ್ದಾನೆ. ಹಿಂದೆ ನಿಂತ ಹುಡುಗಿಗೆ ಪರದೆ ಅರ್ಧ ಕಾಣುತ್ತದೆ, ಉಳಿದರ್ಧ ಮುಂದಿನವರ ತಲೆ. ಪಿರಿಯಡ್ ಮುಗಿದ ಮೇಲೆ ದಾಖಲೆಯಲ್ಲಿ ಮಾತ್ರ ಎಲ್ಲರೂ ಸಮಾನರು: ಕಂಪ್ಯೂಟರ್ ಪಾಠ ಪಡೆದ ವಿದ್ಯಾರ್ಥಿಗಳು.

2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾ ಬಾಗಿಲು ತೆರೆದಾಗ ಅದರ ಸ್ಥಾಪಕರಲ್ಲಿ ಒಬ್ಬರಾದ ಕೆಂಟಾರೊ ಟೊಯಾಮ, ಜೊತೆಗಾರರಾದ ಉದಯ್ ಸಿಂಗ್ ಪವಾರ್ ಮತ್ತು ಜೊಯೊಜೀತ್ ಪಾಲ್ ಇಂಥದೇ ನೋಟವನ್ನು ಶಾಲೆಗಳಲ್ಲಿ ಕಂಡರು. ಅವರಿಗೆ ಹೊಳೆದ ಉಪಾಯ ಸರಳವಾಗಿತ್ತು. ಇನ್ನೊಂದು ಕಂಪ್ಯೂಟರ್ ಕೊಳ್ಳಲು ಶಾಲೆಯ ಹತ್ತಿರ ದುಡ್ಡಿಲ್ಲ; ಇನ್ನೊಂದು ಮೌಸ್ ಕೊಳ್ಳುವುದು ಕಷ್ಟವಲ್ಲ. ಒಂದೇ ಕಂಪ್ಯೂಟರ್‌ಗೆ ಐದು ಮೌಸ್ ಜೋಡಿಸಿ, ಪರದೆಯ ಮೇಲೆ ಐದು ಬಾಣಗಳು ಓಡಾಡುವಂತೆ ಮಾಡಿದರೆ ಹೇಗೆ? ‘ಮಲ್ಟಿಮೌಸ್’ ಹುಟ್ಟಿದ್ದು ಹೀಗೆ.

ಉಪಾಯ ಹೊಳೆದಷ್ಟಕ್ಕೆ ಅವರು ನಿಲ್ಲಿಸಲಿಲ್ಲ, ಅಳೆದೂ ನೋಡಿದರು. ಬಡ ಕುಟುಂಬಗಳ 238 ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುವ ಆಟ ಕೊಟ್ಟರು. ಕೆಲವರಿಗೆ ತಲೆಗೊಂದು ಕಂಪ್ಯೂಟರ್. ಕೆಲವು ಗುಂಪಿಗೆ ಒಂದು ಕಂಪ್ಯೂಟರ್, ಒಂದೇ ಮೌಸ್. ಇನ್ನು ಕೆಲವು ಗುಂಪಿಗೆ ಒಂದು ಕಂಪ್ಯೂಟರ್, ಐದು ಮೌಸ್. ಐದು ಮೌಸಿನ ಆಟದಲ್ಲೂ ಎರಡು ಬಗೆ. ಒಂದರಲ್ಲಿ ಪೈಪೋಟಿ: ಯಾರು ಮೊದಲು ಸರಿಯುತ್ತರ ಒತ್ತುತ್ತಾರೋ ಅವರಿಗೆ ಅಂಕ. ಇನ್ನೊಂದರಲ್ಲಿ ಸಹಮತ: ಐವರೂ ಸರಿಯುತ್ತರದ ಮೇಲೆ ಬಾಣ ತಂದು ಒತ್ತುವವರೆಗೆ ಆಟ ಮುಂದೆ ಹೋಗದು.

2007ರಲ್ಲಿ ಪ್ರಕಟವಾದ ಫಲಿತಾಂಶದ ಮೊದಲ ಸಾಲು ಸಂತೋಷದ್ದು. ಒಟ್ಟಾರೆಯಾಗಿ, ಐದು ಮೌಸ್ ಹಿಡಿದು ಒಂದೇ ಯಂತ್ರ ಹಂಚಿಕೊಂಡ ಐವರು ತಲೆಗೊಂದು ಯಂತ್ರ ಪಡೆದವರಷ್ಟೇ ಪದ ಕಲಿತಿದ್ದರು. ವಿಚಾರ ಇರುವುದು ಎರಡನೆಯ ಸಾಲಿನಲ್ಲಿ. ಹುಡುಗಿಯರ ಕಲಿಕೆ ಯಾವ ವ್ಯವಸ್ಥೆಯಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಹುಡುಗರ ಕಲಿಕೆ ಮಾತ್ರ ಆಟದ ನಿಯಮ ಬದಲಾದ ಹಾಗೆ ಏರುಪೇರಾಯಿತು. ಅದೇ ಕಂಪ್ಯೂಟರ್, ಅದೇ ಐದು ಮೌಸ್, ಅದೇ ಪದಗಳು. ‘ಮೊದಲು ಒತ್ತಿದವನು ಗೆದ್ದ’ ಎನ್ನುವುದನ್ನು ‘ಎಲ್ಲರೂ ಒತ್ತಿದರೆ ಗೆದ್ದೆವು’ ಎಂದು ತಿರುಗಿಸಿದ್ದಷ್ಟೇ ವ್ಯತ್ಯಾಸ.

ತಂತ್ರಜ್ಞಾನ ಮತ್ತು ಕಲಿಕೆಯ ಬಗೆಗಿನ ಸಂಶೋಧನೆಯಲ್ಲಿ ಸಮಾನತೆಯ ಪ್ರಶ್ನೆ ಕೂತಿರುವುದು ಈ ಎರಡನೆಯ ಸಾಲಿನಲ್ಲಿ. ಯಂತ್ರ ಬಂತೇ, ಸರಾಸರಿ ಏರಿತೇ ಎಂಬಲ್ಲಿಗೆ ವರದಿ ಮುಗಿದರೆ ಹಿಂದೆ ನಿಂತವರು ಅಂಕಿಯೊಳಗೆ ಕರಗಿಹೋಗುತ್ತಾರೆ. ಸರಾಸರಿಯನ್ನು ಒಡೆದು ನೋಡಿದ ಸಂಶೋಧನೆಗಳು ಹೇಳುವ ಮಾತೇ ಬೇರೆ. ಅಂಥವು ನಮ್ಮ ದೇಶದಲ್ಲಿ, ನಮ್ಮ ರಾಜ್ಯದಲ್ಲಿ, ಐವತ್ತು ವರ್ಷಗಳಿಂದ ನಡೆದಿವೆ.

ರಾಯಚೂರಿಗೆ ಆಕಾಶದಿಂದ ಬಂದ ಪಾಠ

1975ರ ಆಗಸ್ಟ್ 1. ಬೆಂಗಳೂರಿನಲ್ಲಿ ಇನ್ನೂ ಟಿ.ವಿ. ಕೇಂದ್ರ ಇರಲಿಲ್ಲ. ಅಂದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಪರದೆ ಬೆಳಗಿತು. ನಾಸಾದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎ.ಟಿ.ಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ಅದರ ಹೆಸರು ‘ಸೈಟ್’. ಹಿಂದುಳಿದ ಪ್ರದೇಶಗಳನ್ನೇ ಹುಡುಕಿ ಆರಿಸಿದ್ದು ವಿಕ್ರಮ್ ಸಾರಾಭಾಯಿ ಕಂಡಿದ್ದ ಕನಸಿಗೆ ತಕ್ಕುದಾಗಿತ್ತು: ಹೊಸ ತಂತ್ರಜ್ಞಾನ ಮೊದಲು ತಲುಪಬೇಕಾದ್ದು ಕೊನೆಯಲ್ಲಿ ಇರುವವರನ್ನು.

ತಂತಿ ಬಲೆಯ ದೊಡ್ಡ ಕೊಡೆಯಂಥ ಆಂಟೆನಾ ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಹತ್ತಿರ ನಿಂತಿತು. ಬೆಳಗ್ಗೆ ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷದ ಶಾಲಾ ಕಾರ್ಯಕ್ರಮ, 5ರಿಂದ 12 ವರ್ಷದ ಮಕ್ಕಳಿಗೆ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಸುದ್ದಿ. ಕರೆಂಟಿಲ್ಲದ ಊರುಗಳಲ್ಲಿ ಬ್ಯಾಟರಿ.

ಸೈಟ್‌ನ ಹೆಚ್ಚುಗಾರಿಕೆ ಉಪಗ್ರಹ ಮಾತ್ರವಲ್ಲ. ಸಮೀಕ್ಷೆಯ ಜೊತೆಗೆ ಮಾನವಶಾಸ್ತ್ರಜ್ಞರನ್ನೂ ಹಳ್ಳಿಗಳಲ್ಲಿ ಇರಿಸಿ, ಟಿ.ವಿ. ಮುಂದೆ ಯಾರು ಕೂತರು, ಯಾರು ಎದ್ದುಹೋದರು ಎಂಬುದನ್ನು ಬರೆದಿಡುವ ಕೆಲಸವನ್ನು ಇಸ್ರೊ ಮಾಡಿಸಿತು. ಬಿನೋದ್ ಅಗ್ರವಾಲ್ ಅವರಂಥ ಸಂಶೋಧಕರ ಹೆಸರು ಕೇಳಿಬಂದದ್ದು ಅಲ್ಲಿಂದ. ಅದುವರೆಗೆ ಪತ್ರಿಕೆ, ರೇಡಿಯೊ, ಸಿನಿಮಾ ಯಾವುದೂ ಮುಟ್ಟದಿದ್ದ ಬಡವರು, ಓದುಬರಹ ಬಾರದವರು, ಹೆಂಗಸರು ಟಿ.ವಿ. ಮುಂದೆ ಬಂದು ಕೂತಿದ್ದರು ಎಂಬುದು ಆ ಅಧ್ಯಯನಗಳು ಕಂಡುಕೊಂಡ ಮುಖ್ಯ ಸಂಗತಿ. ರಾಕೆಟ್ ಹಾರಿಸುವ ಸಂಸ್ಥೆಯೊಂದು ಹಳ್ಳಿಯ ಜಗಲಿಯಲ್ಲಿ ಯಾರು ಎಲ್ಲಿ ಕೂತರೆಂದು ಗಮನಿಸಿತ್ತು ಎಂಬುದನ್ನು ಇಂದಿನ ಆ್ಯಪ್ ಕಂಪನಿಗಳು ಓದಿಕೊಳ್ಳಬೇಕು.

ಅದೇ ಹೊತ್ತಿನಲ್ಲಿ ಅಮೆರಿಕದಿಂದ ಬಂದ ಒಂದು ಸಿದ್ಧಾಂತ ಸಂಶೋಧಕರನ್ನು ಕಾಡುತ್ತಿತ್ತು. 1970ರಲ್ಲಿ ಟಿಕೆನರ್, ಡೊನೊಹ್ಯೂ, ಓಲಿಯನ್ ಎಂಬ ಮೂವರು ಮಾಧ್ಯಮದಿಂದ ಮಾಹಿತಿ ಹರಿದಷ್ಟೂ ಉಳ್ಳವರು ಬೇಗ ಹೀರಿಕೊಳ್ಳುತ್ತಾರೆ, ಇಲ್ಲದವರೊಂದಿಗಿನ ಅಂತರ ಹಿಗ್ಗುತ್ತದೆ ಎಂದು ವಾದಿಸಿದ್ದರು. ಪ್ರಕಾಶ್ ಶಿಂಗಿ ಮತ್ತು ಬೆಲ್ಲಾ ಮೋಡಿ ಭಾರತದ ರೈತರ ನಡುವೆ ಇದನ್ನು ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಅವರ ಉತ್ತರ: ಅಂತರ ಹಿಗ್ಗಲೇಬೇಕೆಂದಿಲ್ಲ. ಬಲ್ಲವರಿಗೆ ಈಗಾಗಲೇ ಗೊತ್ತಿರುವ, ಅರಿಯದವರಿಗೆ ಹೊಸದಾಗಿರುವ ವಿಷಯವನ್ನು ಸರಳವಾಗಿ ಹೇಳಿದರೆ ಟಿ.ವಿ. ನೋಡಿದ ಹಿಂದುಳಿದ ರೈತ ಮುಂದಿನವನನ್ನು ಹಿಡಿಯುತ್ತಾನೆ. ಪಾಠವನ್ನು ಯಾರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದೇವೆ ಎಂಬುದೇ ಅಂತರವನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ.

ಸೈಟ್‌ಗೆ ಒಂದು ಮಿತಿಯಿತ್ತು. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ರಾಯಚೂರಿನ ಹಳ್ಳಿಯವರಿಗೆ ನೋಡುವ ಅವಕಾಶ ಇತ್ತು, ತಿರುಗಿ ಕೇಳುವ ದಾರಿ ಇರಲಿಲ್ಲ. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಪೀಜ್ ಎಂಬ ಊರಿನ ಪುಟ್ಟ ಪ್ರಸಾರ ಕೇಂದ್ರ ಸುತ್ತಲಿನ ಹಳ್ಳಿಗಳ ಕಷ್ಟಸುಖವನ್ನೇ ಅಲ್ಲಿನವರ ಜೊತೆಗೂಡಿ ಕಾರ್ಯಕ್ರಮ ಮಾಡಿತು. ಖೇಡಾಕ್ಕೆ 1984ರಲ್ಲಿ ಯುನೆಸ್ಕೊದ ಗ್ರಾಮೀಣ ಸಂವಹನ ಪ್ರಶಸ್ತಿ ಬಂತು. ಒಂದು ಕಡೆ ದೇಶವ್ಯಾಪಿ ಹರವು, ಇನ್ನೊಂದು ಕಡೆ ಊರಿನ ದನಿ. ಎರಡೂ ಒಟ್ಟಿಗೆ ಸಿಗುವುದು ಅಪರೂಪ ಎಂಬ ಎಳೆದಾಟ ಅಂದೇ ಕಂಡಿತ್ತು; ಇಂದಿಗೂ ಬಗೆಹರಿದಿಲ್ಲ.

ಸರಾಸರಿಯ ಹಿಂದೆ

ಕಂಪ್ಯೂಟರ್ ಕಾಲಕ್ಕೆ ಬರೋಣ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ವಡೋದರದ ನಗರಪಾಲಿಕೆ ಶಾಲೆಗಳಲ್ಲಿ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದು ಕಂಪ್ಯೂಟರ್‌ನಂತೆ ಗಣಿತದ ಆಟ ಆಡಿದರು. ಅಂಕ ಚೆನ್ನಾಗಿಯೇ ಏರಿತು. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ನೋಡಿದರೆ ಆ ಏರಿಕೆಯ ಬಹುಪಾಲು ಕರಗಿತ್ತು.

ಗುಜರಾತಿನ ಜ್ಞಾನಶಾಲಾ ತರಗತಿಗಳಲ್ಲಿ ಲೀ ಲಿಂಡನ್ 2008ರಲ್ಲಿ ವರದಿ ಮಾಡಿದ್ದು ಇನ್ನೂ ತೀಕ್ಷ್ಣ. ಒಂದೇ ಗಣಿತ ತಂತ್ರಾಂಶ, ಎರಡು ಬಗೆಯ ಬಳಕೆ. ಶಿಕ್ಷಕಿಯ ಪಾಠದ ಹೊತ್ತನ್ನು ಕಿತ್ತುಕೊಂಡು ಕಂಪ್ಯೂಟರ್‌ಗೆ ಕೊಟ್ಟ ಕಡೆ ಮಕ್ಕಳ ಕಲಿಕೆ ಕುಸಿಯಿತು, ಅದೂ ದೊಡ್ಡ ಪ್ರಮಾಣದಲ್ಲಿ. ಶಾಲೆಯ ಹೊತ್ತಿನ ಆಚೆಗೆ, ಪಾಠಕ್ಕೆ ಪೂರಕವಾಗಿ ಕೊಟ್ಟ ಕಡೆ ಕಲಿಕೆ ಏರಿತು. ಹಿಂದುಳಿದ ಮಕ್ಕಳಿಗೆ ಹೆಚ್ಚು ಲಾಭವಾಯಿತು. ಒಳ್ಳೆಯ ಶಿಕ್ಷಕಿ ಇದ್ದ ಕಡೆ ಆಕೆಯ ಹೊತ್ತಿಗೆ ಸಾಟಿಯಿಲ್ಲ ಎಂಬುದನ್ನು ಇಷ್ಟು ನೇರವಾಗಿ ಅಂಕಿಗಳಲ್ಲಿ ತೋರಿಸಿದ ಅಧ್ಯಯನ ಕಡಿಮೆ.

ಇತ್ತೀಚಿನ ಪ್ರಸಿದ್ಧ ಉದಾಹರಣೆ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶದ ದೆಹಲಿ ಕೇಂದ್ರಗಳದು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗಾನಿಮಿಯನ್ 619 ಮಕ್ಕಳನ್ನು ಲಾಟರಿ ಎತ್ತಿ ಎರಡು ಗುಂಪು ಮಾಡಿದರು. ಆಯ್ಕೆಯಾದವರಿಗೆ ಶಾಲೆ ಬಿಟ್ಟ ಮೇಲೆ ವಾರಕ್ಕೆ ಆರು ದಿನ, ದಿನಕ್ಕೆ 90 ನಿಮಿಷದ ಉಚಿತ ಕಲಿಕೆ: 45 ನಿಮಿಷ ಕಂಪ್ಯೂಟರ್, 45 ನಿಮಿಷ ಚಿಕ್ಕ ಗುಂಪಿಗೆ ಸಹಾಯಕರೊಬ್ಬರ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಏರಿಕೆ. ಶಿಕ್ಷಣದ ಪ್ರಯೋಗಗಳಲ್ಲಿ ಇದು ಸಣ್ಣ ಮಾತಲ್ಲ. 2019ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಎಡ್‌ಟೆಕ್ ಪರವಾಗಿ ಮಾತಾಡುವವರು ಮರೆಯದೆ ಉಲ್ಲೇಖಿಸುತ್ತಾರೆ.

ಅವರು ಅಷ್ಟಾಗಿ ಹೇಳದ ಭಾಗವೂ ಅದೇ ಪ್ರಬಂಧದಲ್ಲಿದೆ. ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ತನ್ನ ತರಗತಿಗಿಂತ ಸುಮಾರು ಎರಡೂವರೆ ವರ್ಷ ಹಿಂದಿತ್ತು. ಕೇಂದ್ರಕ್ಕೆ ಹೋಗದವರಲ್ಲಿ ಅತಿ ಹಿಂದಿನ ಮೂರನೇ ಒಂದು ಪಾಲು ಮಕ್ಕಳು ಶಾಲೆಯಲ್ಲಿ ಕೂತೂ ಹೆಚ್ಚುಕಡಿಮೆ ಏನೂ ಕಲಿಯುತ್ತಿರಲಿಲ್ಲ. ತಂತ್ರಾಂಶ ಪ್ರತಿ ಮಗುವಿನ ಮಟ್ಟ ಗುರುತಿಸಿ ಅಲ್ಲಿಂದ ಮೇಲಕ್ಕೆ ಎತ್ತಿದ್ದರಿಂದ ಮುಂದಿದ್ದವರಿಗೂ ಹಿಂದಿದ್ದವರಿಗೂ ಸರಿಸುಮಾರು ಒಂದೇ ಅಳತೆಯ ಲಾಭವಾಯಿತು. ಏನೂ ಸಿಗದೆ ಇದ್ದವರಿಗೆ ಅಷ್ಟೇ ಸಿಕ್ಕರೂ ಅದು ದೊಡ್ಡದು. ಹೀಗೆ ಕಲಿತ ಗಣಿತ ಶಾಲೆಯ ಗಣಿತ ಪರೀಕ್ಷೆಯಲ್ಲಿ ಮಾತ್ರ ಕಾಣಿಸಲಿಲ್ಲ. ಮೂರನೇ ತರಗತಿಯ ಭಾಗಾಕಾರ ಹೊಸದಾಗಿ ಬಂದ ಮಗುವಿಗೆ ಏಳನೇ ತರಗತಿಯ ಬೀಜಗಣಿತದ ಪ್ರಶ್ನೆಪತ್ರಿಕೆ ಎಂದಿನಂತೆಯೇ ಬೀಗ. ಕಲಿಕೆ ನಿಜ, ಅಂಕಪಟ್ಟಿ ಖಾಲಿ. ಯಾವುದನ್ನು ಅಳೆಯಬೇಕೆಂದು ತೀರ್ಮಾನಿಸುವವರ ಮೇಲೆ ಆ ಮಗು ಗೆದ್ದಿತೋ ಸೋತಿತೋ ಎಂಬುದು ನಿಂತಿದೆ.

ಇದನ್ನು ಓದುವ ಕನ್ನಡ ಶಾಲೆಯ ಶಿಕ್ಷಕರಿಗೆ ನಲಿ-ಕಲಿ ನೆನಪಾಗದೆ ಇರದು. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ, ರಿಷಿವ್ಯಾಲಿಯ ಪ್ರೇರಣೆಯಿಂದ, ಯುನಿಸೆಫ್ ನೆರವಿನೊಂದಿಗೆ ಶುರುವಾದ ಆ ಪದ್ಧತಿಯಲ್ಲೂ ಮೂಲ ವಿಚಾರ ಅದೇ: ಮಗು ಎಲ್ಲಿದೆಯೋ ಅಲ್ಲಿಂದ ಕಲಿಸು. ಅಲ್ಲಿ ಪರದೆ ಇಲ್ಲ. ಕಾರ್ಡುಗಳಿವೆ, ಕಲಿಕಾ ಏಣಿಯಿದೆ, ಮೈಲಿಗಲ್ಲುಗಳಿವೆ. ತಂತ್ರಾಂಶಕ್ಕೆ ದಣಿವಿಲ್ಲ, ಸಾವಿರ ಮಕ್ಕಳ ಲೆಕ್ಕ ಒಟ್ಟಿಗೆ ಇಟ್ಟುಕೊಳ್ಳಬಲ್ಲದು. ಅದರ ಶಕ್ತಿಯನ್ನು ಅಲ್ಲಗಳೆಯುವುದು ಬೇಡ. ಆದರೆ ಹೋಲಿಕೆ ಯಾವುದರ ಜೊತೆ ಎಂಬುದನ್ನು ಕೇಳಬೇಕು. ‘ಟ್ಯಾಬ್ ಕೊಟ್ಟ ಶಾಲೆ, ಏನೂ ಕೊಡದ ಶಾಲೆ’ ಎಂದು ಹೋಲಿಸಿದರೆ ಟ್ಯಾಬ್ ಗೆದ್ದೀತು. ಅದೇ ದುಡ್ಡಿನಲ್ಲಿ ಒಬ್ಬ ಅತಿಥಿ ಶಿಕ್ಷಕಿಯನ್ನು ಕೊಟ್ಟ ಶಾಲೆಯ ಜೊತೆ ಹೋಲಿಸಿದ ವರದಿ ಸಿಗುವುದು ಕಷ್ಟ.

ಲೆಕ್ಕಕ್ಕೇ ಸಿಗದವರು

ಸರಾಸರಿಯೊಳಗೆ ಕರಗಿದವರದು ಒಂದು ಕಥೆ. ಸಮೀಕ್ಷೆಯ ಪಟ್ಟಿಗೇ ಬಾರದವರದು ಇನ್ನೊಂದು. ಕೊರೊನಾ ಕಾಲದಲ್ಲಿ ಇದು ಬಯಲಾಯಿತು.

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಎಲ್ಲರಿಗೂ ಸಿಗದ ಪಾಠ ಕೆಲವರಿಗೆ ಮಾತ್ರ ಏಕೆ ಎಂಬುದು ಚರ್ಚೆಯ ಒಂದು ಮಗ್ಗುಲಾಗಿತ್ತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟು, ಕಲಿಕೆಯ ಹಕ್ಕನ್ನು ಹೀಗೆ ನಿಲ್ಲಿಸಲಾಗದು ಎಂಬ ನಿಲುವು ತಾಳಿತು. ಇರುವವರ ಪಾಠ ನಿಲ್ಲಿಸಿದರೆ ಇಲ್ಲದವರಿಗೆ ಏನು ಸಿಕ್ಕಿತು? ಇಲ್ಲದವರನ್ನು ಬಿಟ್ಟು ಪಾಠ ನಡೆಸಿದರೆ ಅದು ನ್ಯಾಯವೇ? ಎರಡೂ ಪ್ರಶ್ನೆಗಳಿಗೆ ತೂಕವಿತ್ತು.

ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ಗಮನಿಸಬೇಕಾದ ಒಂದು ಅಂಶವಿತ್ತು. ಶಿಕ್ಷಕರು ಮಕ್ಕಳನ್ನು ಮೂರು ಪಟ್ಟಿ ಮಾಡಿದರು: ಮನೆಯಲ್ಲಿ ಯಾವ ಫೋನೂ ಇಲ್ಲದವರು, ಮಾಮೂಲಿ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಚಂದನ ವಾಹಿನಿಯ ‘ಸಂವೇದ’ ಪಾಠಗಳೂ ನಡೆಯುತ್ತಿದ್ದವು. ಅದರ ಜೊತೆಗೆ ದೇವಸ್ಥಾನದ ಜಗಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಪಾಠ ಕೂಡಿತು. ‘ವಠಾರ ಶಾಲೆ’ ಎಂದೂ ಜನ ಕರೆದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ವಾದವಿವಾದಗಳು ಎದ್ದವು. ಏನೇ ಇರಲಿ, ‘ಏನೂ ಇಲ್ಲದವರು’ ಎಂಬ ಪಟ್ಟಿ ಕಾಗದದ ಮೇಲೆ ಇತ್ತು. ಅದೇ ಹೊತ್ತಿಗೆ ಬಂದ ಎಷ್ಟೋ ಕಂಪನಿ ವರದಿಗಳಲ್ಲಿ ಲಾಗಿನ್ ಆದವರು ಮಾತ್ರ ಮಕ್ಕಳು.

ಪ್ರಾಮಾಣಿಕ ಸಮೀಕ್ಷೆಗೂ ಈ ತೊಡಕು ತಪ್ಪಲಿಲ್ಲ. ಗ್ರಾಮೀಣ ಮಕ್ಕಳ ಶಿಕ್ಷಣದ ಸ್ಥಿತಿ ಅಳೆಯುವ ‘ಅಸರ್’ ಸಮೀಕ್ಷೆ 2020ರ ಸೆಪ್ಟೆಂಬರ್‌ನಲ್ಲಿ ದೇಶದ 52 ಸಾವಿರಕ್ಕೂ ಹೆಚ್ಚು ಗ್ರಾಮೀಣ ಮನೆಗಳನ್ನು ಮಾತಾಡಿಸಿತು. ಶಾಲಾ ಮಕ್ಕಳಿರುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವ ಪ್ರಮಾಣ 2018ರ ಶೇ 36.5ರಿಂದ ಶೇ 61.8ಕ್ಕೆ ಏರಿದ್ದು ಆಗ ಗೊತ್ತಾಯಿತು. ಆದರೆ ಸಮೀಕ್ಷೆ ನಡೆದದ್ದೇ ಫೋನ್ ಮೂಲಕ, 2018ರಲ್ಲಿ ನಂಬರ್ ಕೊಟ್ಟಿದ್ದ ಮನೆಗಳಲ್ಲಿ. ಫೋನೇ ಇಲ್ಲದ ಮನೆಯ ಮಗು ಆ ಲೆಕ್ಕದ ಹೊರಗೆ. ಮರುವರ್ಷದ ಅಸರ್ ಇನ್ನೊಂದು ಪದರ ಬಿಡಿಸಿತು: ಸ್ಮಾರ್ಟ್‌ಫೋನ್ ಇರುವ ಮನೆಗಳಲ್ಲೇ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಕ್ಕಳಿಗೆ ಅದು ಕೈಗೆ ಸಿಗುತ್ತಿರಲಿಲ್ಲ. ಅಪ್ಪ ಕೆಲಸಕ್ಕೆ ಹೊರಟರೆ ಶಾಲೆಯೂ ಅವನ ಜೇಬಿನಲ್ಲೇ ಹೊರಟಿತು.

ಮನೆಯೊಳಗೂ ಮೇಲುಕೀಳಿದೆ. 2023ರ ಅಸರ್ 14ರಿಂದ 18 ವರ್ಷದವರನ್ನು ಕೇಳಿತು. ಸ್ಮಾರ್ಟ್‌ಫೋನ್ ಬಳಸಲು ಬಲ್ಲವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8. ‘ಮನೆಗೊಂದು ಫೋನ್ ಇದೆ’ ಎಂಬ ಅಂಕಿಯನ್ನು ನಂಬಿ ಪಾಠ ರೂಪಿಸಿದವರು ಅಣ್ಣನಿಗೆ ಪಾಠ ರೂಪಿಸಿದ್ದಾರೆ; ತಂಗಿ ಅಣ್ಣನ ಬಿಡುವಿಗೆ ಕಾಯುತ್ತಾಳೆ.

ಮನೆ ಬಾಗಿಲಿಗೆ, ಶಾಲೆಗೆ ಹೋಗಿ ಕೇಳಿದವರಿಗೆ ಸಿಕ್ಕ ಚಿತ್ರ ಇನ್ನೂ ಕಟುವಾಗಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಕೌಶಲವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಶೇ 82.

ಆ ಕಾಲದ ಒಂದು ಒಳ್ಳೆಯ ಸುದ್ದಿ ಆಫ್ರಿಕಾದ ಬೋಟ್ಸ್‌ವಾನದಿಂದ ಬಂತು. ಸುಮಾರು 4,500 ಕುಟುಂಬಗಳಲ್ಲಿ ಕೆಲವಕ್ಕೆ ವಾರಕ್ಕೊಂದು ಗಣಿತದ ಎಸ್ಸೆಮ್ಮೆಸ್, ಕೆಲವಕ್ಕೆ ಎಸ್ಸೆಮ್ಮೆಸ್ ಜೊತೆಗೆ ಶಿಕ್ಷಕರ ಹದಿನೈದು ಇಪ್ಪತ್ತು ನಿಮಿಷದ ಕರೆ. ಎಸ್ಸೆಮ್ಮೆಸ್ ಒಂದರಿಂದ ಏನೂ ಆಗಲಿಲ್ಲ. ಕರೆಯೂ ಇದ್ದ ಕಡೆ ಕಲಿಕೆ ಏರಿತು. ಬಳಸಿದ್ದು ಬಟನ್ ಫೋನಿಗೂ ಸಾಕಾಗುವ ತಂತ್ರ. ಕೆಲಸ ಮಾಡಿದ್ದು ಆ ತುದಿಯಲ್ಲಿದ್ದ ಮನುಷ್ಯದನಿ.

ಹೆಸರು ಮಾಡಿದ ಗೋಡೆ

ಈ ಕ್ಷೇತ್ರದಲ್ಲಿ ಕಥೆಗೆ ಸಿಗುವ ಬೆಲೆ ಪುರಾವೆಗೆ ಸಿಗುವುದಿಲ್ಲ. 1999ರಲ್ಲಿ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ಕಚೇರಿಯ ಗೋಡೆಗೆ ಕಿಂಡಿ ಕೊರೆದು ಕಂಪ್ಯೂಟರ್ ಇಟ್ಟರು. ಕೊಳೆಗೇರಿಯ ಮಕ್ಕಳು ಯಾರೂ ಹೇಳಿಕೊಡದೆ ಬಳಸಲು ಕಲಿತರು. ಜಗತ್ತೇ ತಲೆದೂಗಿತು, 2013ರಲ್ಲಿ ಹತ್ತು ಲಕ್ಷ ಡಾಲರಿನ ಟೆಡ್ ಬಹುಮಾನವೂ ಬಂತು. ಆ ಗೋಡೆಯ ಹತ್ತಿರ ಹೋಗಿ ನೋಡಿದ ಸಂಶೋಧಕ ಮಾರ್ಕ್ ವಾರ್ಶೌರ್‌ಗೆ ಕಂಡದ್ದು ಹಿಂದಿ ಮಾತಾಡುವ ಮಕ್ಕಳ ಮುಂದೆ ಇಂಗ್ಲಿಷ್ ವಿಷಯ, ಹೆಚ್ಚಾಗಿ ಆಟ ಮತ್ತು ಚಿತ್ರ ಬರೆಯುವಿಕೆ. ಪಾಯಲ್ ಅರೋರಾ ಉತ್ತರಾಖಂಡದ ಅಲ್ಮೋರ, ಹವಾಲ್‌ಬಾಗ್‌ಗಳಿಗೆ ಹೋದಾಗ ಕಿಂಡಿಗಳು ನಿಂತುಹೋಗಿದ್ದವು. ವೇದಿಕೆಯ ಭಾಷಣಗಳಲ್ಲಿ ಅವು ಇನ್ನೂ ನಡೆಯುತ್ತಿದ್ದವು.

ಪೆರು ದೇಶ ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಹಂಚಿತು. 319 ಗ್ರಾಮೀಣ ಶಾಲೆಗಳ ಅಧ್ಯಯನ 2012ರಲ್ಲಿ ಬಂದಾಗ ಗಣಿತ, ಭಾಷೆ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಯುನೆಸ್ಕೊ 2023ರ ಜಾಗತಿಕ ಶಿಕ್ಷಣ ವರದಿಯಲ್ಲಿ ಕೊಟ್ಟ ಒಂದು ಅಂಕಿ ಸಾಕು: ಬ್ರಿಟನ್ನಿನ ಎಡ್‌ಟೆಕ್ ಕಂಪನಿಗಳಲ್ಲಿ ತಮ್ಮ ಉತ್ಪನ್ನವನ್ನು ಲಾಟರಿ ಮಾದರಿಯ ಪ್ರಯೋಗಕ್ಕೆ ಒಡ್ಡಿದ್ದವು ಶೇ 7 ಮಾತ್ರ.

ತಾನು ಮಾಡಿದ್ದನ್ನು ತಾನೇ ಒರೆಗೆ ಹಚ್ಚಿದವರು ವಿರಳ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಷನ್ 2002ರಿಂದ ಕೆಲವು ವರ್ಷ ಸಾವಿರಾರು ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆ ನಡೆಸಿತು, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿ.ಡಿ. ಮಾಡಿತು. ಕೊನೆಗೆ ಅದರ ಮಿತಿ ಕಂಡು ಕೈಬಿಟ್ಟಿತು. ಶಿಕ್ಷಕರ ಸಾಮರ್ಥ್ಯ ಮತ್ತು ಶಾಲೆಯ ಸ್ಥಿತಿ ಸುಧಾರಿಸದೆ ಯಂತ್ರದಿಂದ ಹೆಚ್ಚೇನೂ ಆಗದು ಎಂದು ಫೌಂಡೇಷನ್ನಿನವರೇ ಆದ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯಲ್ಲೇ ಬರೆದರು. ಮಲ್ಟಿಮೌಸ್‌ನ ಟೊಯಾಮ ಕೂಡ ಅದೇ ತೀರ್ಮಾನಕ್ಕೆ ಬಂದು 2015ರಲ್ಲಿ ಪುಸ್ತಕ ಬರೆದರು: ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಚೆನ್ನಾಗಿ ನಡೆಯುವ ಶಾಲೆ ಇನ್ನೂ ಚೆನ್ನಾಗುತ್ತದೆ. ಸೊರಗಿದ ಶಾಲೆಯಲ್ಲಿ ಪೆಟ್ಟಿಗೆ ಬಿಚ್ಚುವವರೂ ಇರುವುದಿಲ್ಲ.

ಪ್ರಶ್ನೆ ಕೇಳುವವರು ಯಾರು?

ಇಲ್ಲಿಯವರೆಗೆ ತರಗತಿಯ ಮೌಸಿನ ಮಾತಾಯಿತು. ಸಂಶೋಧನೆಗೂ ಒಂದು ಮೌಸ್ ಇದೆ. ಏನನ್ನು ಅಳೆಯಬೇಕು, ಯಾವ ಶಾಲೆಯಲ್ಲಿ, ಎಷ್ಟು ದಿನ ಎಂಬುದನ್ನು ನಿರ್ಧರಿಸುವವರು ಹೆಚ್ಚಾಗಿ ಹೊರಗಿನವರು. ಅನುದಾನದ ಅವಧಿ ಮುಗಿದಾಗ ಪ್ರಯೋಗ ಮುಗಿಯುತ್ತದೆ. ಶಾಲೆಗೆ ಜೂನ್ ಮತ್ತೆ ಬರುತ್ತದೆ. ಲಾಟರಿಯಲ್ಲಿ ಹೆಸರು ಬಾರದ ಮಗುವಿಗೆ ‘ನೀನು ಹೋಲಿಕೆಯ ಗುಂಪು’ ಎಂದು ಯಾರು ಹೇಗೆ ಹೇಳುತ್ತಾರೆ? ಲಾಟರಿಯಿಲ್ಲದೆ ಗಟ್ಟಿ ಪುರಾವೆ ಸಿಗದು ಎಂಬುದೂ ನಿಜ. ಈ ಇಕ್ಕಟ್ಟನ್ನು ಜಾಣ್ಮೆಯಿಂದ ತಪ್ಪಿಸಿಕೊಳ್ಳಲಾಗದು. ಪ್ರಯೋಗ ಶುರುವಾಗುವ ಮೊದಲು ಪೋಷಕರ ಮುಂದೆ ಇಡಬೇಕು, ಅಷ್ಟೆ.

ಫಲಿತಾಂಶ ಇಂಗ್ಲಿಷಿನಲ್ಲಿ, ದುಡ್ಡು ಕೊಟ್ಟು ಓದಬೇಕಾದ ನಿಯತಕಾಲಿಕೆಗಳಲ್ಲಿ ಬರುತ್ತದೆ. ನಮ್ಮ ಹಳ್ಳಿ ಅಲ್ಲಿ ‘ಗ್ರಾಮೀಣ ಭಾರತ’ ಆಗುತ್ತದೆ. ದತ್ತಾಂಶ ಕೊಟ್ಟ ಶಿಕ್ಷಕಿಗೆ ಅದರಲ್ಲಿ ಏನಿದೆ ಎಂದು ಹೇಳುವ ರೂಢಿಯಿಲ್ಲ. ಇದಕ್ಕೆ ಒಂದು ಒಳ್ಳೆಯ ಅಪವಾದ ನಮ್ಮಲ್ಲೇ ಇದೆ. ಬೆಂಗಳೂರಿನ ‘ಐ.ಟಿ. ಫಾರ್ ಚೇಂಜ್’ ಮತ್ತು ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿ.ಎಸ್.ಇ.ಆರ್.ಟಿ. ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲೆಯ ಶಿಕ್ಷಕರು ತಾವೇ ಪಾಠ ಸಾಮಗ್ರಿ ತಯಾರಿಸಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಭಂಡಾರ ಕಟ್ಟಿದರು. ಕೇಪ್‌ಟೌನ್ ವಿಶ್ವವಿದ್ಯಾಲಯ ಮುನ್ನಡೆಸಿದ ಅಂತರರಾಷ್ಟ್ರೀಯ ಯೋಜನೆಯೊಂದರ ಭಾಗವಾಗಿ 2017ರಲ್ಲಿ ಇದರ ಅಧ್ಯಯನವೂ ಪ್ರಕಟವಾಯಿತು. ಅಲ್ಲಿ ಶಿಕ್ಷಕರು ಅಧ್ಯಯನಕ್ಕೆ ಸಿಕ್ಕ ಮಾದರಿಗಳಾಗಿರಲಿಲ್ಲ. ಸಾಮಗ್ರಿ ಬರೆದವರೂ ಅವರೇ ಆಗಿದ್ದರು.

ಮಕ್ಕಳ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು ತಕರಾರು. ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ 49 ದೇಶಗಳಲ್ಲಿ ಬಳಕೆಯಾದ 164 ಕಲಿಕಾ ಉತ್ಪನ್ನಗಳನ್ನು ಬಿಚ್ಚಿ ನೋಡಿದಾಗ ಶೇ 89ರಷ್ಟು ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವ ರೀತಿಯಲ್ಲಿ ಮಾಹಿತಿ ನಿರ್ವಹಿಸುತ್ತಿದ್ದವು. ಆ ಪಟ್ಟಿಯಲ್ಲಿ ನಮ್ಮ ಸರ್ಕಾರದ್ದೇ ಆದ ದೀಕ್ಷಾ ಆ್ಯಪ್ ಕೂಡ ಇತ್ತು. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಇಂಗ್ಲಿಷ್ ಷರತ್ತುಗಳ ಕೆಳಗೆ ಹಾಕಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯಾದೀತೇ?

ಎ.ಐ. ಬಂದ ಮೇಲೆ ಪ್ರಶ್ನೆ ಇನ್ನಷ್ಟು ಹತ್ತಿರ ಬಂದಿದೆ. ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿ ತಪ್ಪು ತೋರಿಸುವ ಸಾಧನಗಳು ಶಾಲೆಗೆ ಬರುತ್ತಿವೆ. ಅಮೆರಿಕದಲ್ಲಿ ಐದು ದೊಡ್ಡ ಕಂಪನಿಗಳ ಧ್ವನಿ ಗುರುತಿಸುವ ತಂತ್ರಾಂಶಗಳನ್ನು 2020ರಲ್ಲಿ ಪರೀಕ್ಷಿಸಿದಾಗ ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದ ತಪ್ಪಾದರೆ ಕಪ್ಪು ಜನರ ಮಾತಿನಲ್ಲಿ 35 ತಪ್ಪಾದವು. ಯಂತ್ರ ಕಲಿತದ್ದು ಯಾರ ಮಾತಿನಿಂದಲೋ ಅವರ ಮಾತು ಅದಕ್ಕೆ ‘ಸರಿ’. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಮನೆಯಲ್ಲಿ ಲಂಬಾಣಿ ಅಥವಾ ಸೋಲಿಗ ನುಡಿ ಆಡಿ ಶಾಲೆಯಲ್ಲಿ ಕನ್ನಡ ಓದುವ ಮಗುವಿನ ಉಚ್ಚಾರ: ಇವನ್ನೆಲ್ಲ ಬೇರೆಬೇರೆಯಾಗಿ ಪರೀಕ್ಷಿಸದ ಸಾಧನವನ್ನು ತರಗತಿಗೆ ಬಿಟ್ಟರೆ, ಚೆನ್ನಾಗಿ ಓದಿದ ಮಗುವಿನ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ‘ಸರಾಸರಿ ನಿಖರತೆ’ ಎಂಬ ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ.

ಹಾಗಾದರೆ ಶಾಲೆಗೆ ಬರುವ ಪ್ರಯೋಗಗಳನ್ನು ಬಾಗಿಲಲ್ಲೇ ತಡೆಯಬೇಕೇ? ಬೇಡ. ಕೊನೆಯ ಸಾಲಿನ ಮಗುವಿಗೆ ಲಾಭವಾದ ಉದಾಹರಣೆಗಳೂ ಇಲ್ಲೇ ಬಂದುಹೋದವು. ಬೇಕಿರುವುದು ಮೊದಲೇ ಕೇಳುವ ಅಭ್ಯಾಸ. ಅತಿ ಹಿಂದುಳಿದ ಕಾಲುಭಾಗದ ಮಕ್ಕಳ ಫಲಿತಾಂಶ ಬೇರೆಯಾಗಿ ಕೊಡುತ್ತೀರಾ? ಹುಡುಗ ಹುಡುಗಿಯರದು ಬೇರೆಯಾಗಿ? ಇದು ಟೀಚರ ಹೊತ್ತಿಗೆ ಪೂರಕವೋ, ಬದಲಿಯೋ? ಸಾಧನ ಇಲ್ಲದ, ಗೈರಾದ ಮಕ್ಕಳನ್ನು ಲೆಕ್ಕ ಹಾಕಿದ್ದೀರಾ? ನೀವು ಹೋದ ಮೇಲೆ ಕೆಟ್ಟರೆ ರಿಪೇರಿ ಮಾಡಿಸುವವರು ಯಾರು?

ಇದನ್ನು ಕೇಳಲು ಹೊಸ ಸಮಿತಿ ಬೇಕಿಲ್ಲ. ಪ್ರತಿ ಸರ್ಕಾರಿ ಶಾಲೆಯಲ್ಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಇಷ್ಟು ವರ್ಷ ಅವರ ಪಾಲಿಗೆ ಬಂದ ಕೆಲಸ ಟಿ.ವಿ., ಟ್ಯಾಬ್ ಬಂದ ದಿನ ಹಾರ ಹಾಕಿ ಫೋಟೊಗೆ ನಿಲ್ಲುವುದು. ಮುಂದಿನ ಸಲ ಯಾರಾದರೂ ಹೊಸ ಸಾಧನ ಹಿಡಿದು ‘ಪೈಲಟ್ ಮಾಡುತ್ತೇವೆ’ ಎಂದು ಬಂದರೆ ಹೆಡ್‌ಮಾಸ್ತರರು ಅವರನ್ನು ಈ ಸಭೆಯಲ್ಲಿ ಕೂರಿಸಲಿ, ನಡಾವಳಿ ಪುಸ್ತಕದಲ್ಲಿ ಒಂದು ಷರತ್ತು ಬರೆಯಿಸಲಿ: ಫಲಿತಾಂಶ ಏನೇ ಬರಲಿ, ಅದನ್ನು ಕನ್ನಡದಲ್ಲಿ ಬರೆದು ಇದೇ ಸಭೆಗೆ ತಂದು ಓದಿ ಹೇಳಬೇಕು. ಒಪ್ಪದವರು ಬೇರೆ ಶಾಲೆ ನೋಡಿಕೊಳ್ಳಲಿ. ಎಲ್ಲ ಶಾಲೆಗಳೂ ಹೀಗೆಯೇ ಕೇಳಲು ಶುರುಮಾಡಿದರೆ, ಅವರಿಗೆ ಬೇರೆ ಶಾಲೆ ಸಿಗುವುದಿಲ್ಲ.